ದನಿಯೋ, ಬಣ್ಣವೋ?

ಜಿ. ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯ ಬಾರದ ಕನ್ನಡ ಮಕ್ಕಳು ಕಡಮೆ. ಆ ತುತ್ತೂರಿ ನೀರಿಗೆ ಬಿದ್ದಾಗ ದನಿಯೂ ಕೆಟ್ಟಿತು, ಬಣ್ಣವೂ ಹೋಯಿತು. ಎರಡರಲ್ಲೊಂದನ್ನೇ ಉಳಿಸಿಕೊಳ್ಳುವುದಾದರೆ ಯಾವುದನ್ನು? ಈಚೆಗೆ ಬೇಗೂರಿನ ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದಿತು.

ದೊಡ್ಡಪ್ಪನವರು ತೀರಿಕೊಂಡ ಮೇಲೆ ಅವರ ಟ್ರಂಪೆಟ್ ಅಟ್ಟ ಸೇರಿತ್ತು. ಮದುವೆಯ ಮೆರವಣಿಗೆಗಳಲ್ಲಿ ಊದಿ ಊದಿ ಒಂದು ಸಂಸಾರವನ್ನೇ ಸಾಕಿದ ವಾದ್ಯ ಅದು. ಕಸಬುದಾರರು ಬಳಸುವ ಪಕ್ಕಾ ಹಿತ್ತಾಳೆಯದು. ಅದನ್ನು ಥಳಥಳಿಸುವಂತೆ ಉಜ್ಜಿಸಿ, ಹೊಸ ಮೆರುಗೆಣ್ಣೆ ಬಳಿಸಿ, ಗಾಜಿನ ಬೀರುವಿನಲ್ಲಿಡಬೇಕೆಂದು ನನ್ನ ಮಗನ ಹಟ. ಎಂಬತ್ತು ದಾಟಿದ ದೊಡ್ಡಮ್ಮನವರು ಕೇಳಿದ್ದು ಒಂದೇ ಮಾತು: "ಊದೋಕಾಗತ್ತೇನಪ್ಪ?"

ವಾದ್ಯ ರಿಪೇರಿಯ ಯಜಮಾನರು ಮೌತ್‌ಪೀಸ್ ಸಿಕ್ಕಿಸುವ ಕೊಳವೆಯ ಮೇಲಿನ ಕೆಂಪು ಚುಕ್ಕೆಗಳನ್ನು ತೋರಿಸಿದರು. ಇಂಥ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಉಸಿರಿನ ತೇವ ವರ್ಷಗಟ್ಟಲೆ ಒಳಗೆ ನಿಂತರೆ ಸತು ಕರಗಿಹೋಗಿ ತಾಮ್ರ ಉಳಿಯುತ್ತದೆ. ಹೊರಗೆ ಕೆಂಪು ಕಾಣುವ ಹೊತ್ತಿಗೆ ಒಳಗೆ ಲೋಹ ಪೊಳ್ಳು. ಯಂತ್ರಕ್ಕೆ ಹಿಡಿದು ಉಜ್ಜಿದರೆ ಹೊಳಪೇನೋ ಬಂದೀತು. ಆದರೆ ಅದು ಬರುವುದು ಲೋಹದ ಒಂದು ಪದರ ಸವೆದಾಗಲೇ!

ಸಾಮಾನ್ಯ ಟ್ರಂಪೆಟ್ಟಿನ ಕೊಳವೆಯ ಸುರುಳಿ ಬಿಚ್ಚಿದರೆ ಸುಮಾರು 1.48 ಮೀಟರು ಉದ್ದ. ಮೂರು ಪಿಸ್ಟನ್‌ಗಳಲ್ಲಿ ನಡುವಿನದನ್ನು ಒತ್ತಿದರೆ ಅರ್ಧ ಸ್ವರ, ಮೊದಲನೆಯದಕ್ಕೆ ಒಂದು, ಮೂರನೆಯದಕ್ಕೆ ಒಂದೂವರೆ ಸ್ವರ ಇಳಿಯುತ್ತದೆ. ಗಾಳಿ ಸೋರಿದರೆ ಈ ಲೆಕ್ಕವೆಲ್ಲ ಹಾಳು.

ಕನ್ನಡ ಪಾಠ ಹೇಳುವವನಿಗೆ ಇಲ್ಲಿ ನಮ್ಮೂರಿನ ಕಲ್ಲು ನೆನಪಾಗದೆ ಇರದು. ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ, ಗಂಗರ ಕಾಲದ ವೀರಗಲ್ಲಿದೆ. ಬೆಂಗಳೂರಿನ ಕಾಳಗದ ಮಾತು ಅದರಲ್ಲಿ ಬರುತ್ತದೆ. ಅಕ್ಷರ ಮಾಸಿದೆಯೆಂದು ಯಾರಾದರೂ ಅದನ್ನು ಮತ್ತೆ ಕೊರೆದರೆ, ಆಮೇಲೆ ನಾವು ಓದುವುದು ಶಾಸನವನ್ನಲ್ಲ, ಉಳಿ ಹಿಡಿದವನನ್ನು. ಹಳೆಯ ಓಲೆಗರಿಯ ಪ್ರತಿಗೂ ಇದೇ ಮಾತು: ದೂಳು ಒರಸಬಹುದು, ಬರೆಹವನ್ನು ಒರಸಬಾರದು.

ಟ್ರಂಪೆಟ್ಟಿನ ಮೇಲೂ ಒಂದು ಬರೆಹವಿತ್ತು. ಪಿಸ್ಟನ್ ಗೂಡುಗಳ ಸುತ್ತ ದೊಡ್ಡಪ್ಪನವರ ಎಡಗೈಯ ಬೆವರಿಗೆ ಮೆರುಗು ಅಳಿದು, ಬೆರಳುಗಳು ಕೂತ ಜಾಗ ಹಾಗೆಯೇ ಮೂಡಿತ್ತು. ಅದನ್ನು ಕಂಡ ಮೇಲೆ ಮಗನೂ ಮೆರುಗೆಣ್ಣೆಯ ಮಾತೆತ್ತಲಿಲ್ಲ.

ಯಜಮಾನರು ಪೊಳ್ಳಾದ ಕೊಳವೆಯೊಂದನ್ನು ಬದಲಿಸಿದರು. ಕಚ್ಚಿಕೊಂಡಿದ್ದ ಜಾರುಕೊಳವೆಗಳಿಗೆ ಎಣ್ಣೆ ಬಿಟ್ಟು ಸಡಿಲಿಸಿದರು. ಒಳಗೆಲ್ಲ ಉಗುರುಬೆಚ್ಚಗಿನ ಸೋಪುನೀರಿನಲ್ಲಿ ತೊಳೆದು, ಪಿಸ್ಟನ್‌ಗಳಿಗೆ ಹೊಸ ಬಿರಡೆ, ಬನಾತು ಹಾಕಿದರು. ಹೊರಮೈಯನ್ನು ಮೆತ್ತನೆಯ ಬಟ್ಟೆಯಲ್ಲಿ ಒರಸಿ ಬಿಟ್ಟರು.

ಮನೆಗೆ ತಂದಾಗ ಅದು ನೋಡಲು ಅಟ್ಟದ ಮೇಲಿದ್ದ ಹಾಗೆಯೇ ಇತ್ತು. ಬಡಾವಣೆಯ ಬ್ಯಾಂಡಿನ ಹುಡುಗನೊಬ್ಬ ಬಂದು ಊದಿದ. ದೊಡ್ಡಮ್ಮನವರು ಸೆರಗಿನಲ್ಲಿ ಕಣ್ಣೊರಸಿಕೊಂಡು, ಆ ಹುಡುಗನಿಗೆ ಕಾಫಿ ತರುವಂತೆ ಒಳಗೆ ಕೂಗಿ ಹೇಳಿದರು.