ನಾಲ್ಕಡಿ ಲೇಔಟಿನಲ್ಲಿ ಮಾರಿಕುಪ್ಪಂ ರೈಲು

ಬೆಂಗಳೂರಿನಲ್ಲಿ ‘ಲೇಔಟ್ ಮಾಡ್ತಾ ಇದೀನಿ’ ಅಂದ್ರೆ ಎದುರಿಗಿದ್ದವರು ಮೊದಲು ಕೇಳೋದು, ‘ಯಾವ ಕಡೆ? ಸ್ಕ್ವೇರ್ ಫೀಟ್ ಎಷ್ಟು?’ ನನ್ನ ಲೇಔಟಿನ ಉದ್ದ 4 ಅಡಿ, ಅಗಲ 1 ಅಡಿ. ಒಟ್ಟು ನಾಲ್ಕೇ ಸ್ಕ್ವೇರ್ ಫೀಟ್! ಹಾಲಿನಲ್ಲಿ ಪುಸ್ತಕದ ಕಪಾಟಿನ ಮೇಲೆ ಗೋಡೆಗೆ ಒರಗಿ ಕೂರುತ್ತೆ. ಅಲ್ಲಿ ಏಳಲಿರುವುದು ಮನೆಗಳಲ್ಲ, ಒಂದು ರೈಲು ದಾರಿ. ಹಳಿ, ನಿಲ್ದಾಣ, ಗುಡ್ಡ, ಜನ ಎಲ್ಲವನ್ನೂ ಒಂದೇ ಅಳತೆಗೆ ಕಿರಿದು ಮಾಡಿ ಕಟ್ಟುವ ಮಾದರಿ ರೈಲಿನ ಹವ್ಯಾಸದಲ್ಲಿ ಆ ಪುಟ್ಟ ಲೋಕಕ್ಕೆ ಲೇಔಟ್ ಅಂತಲೇ ಹೆಸರು.

ಹಿಮದ ಬೆಟ್ಟದ ನಡುವೆ ಓಡುವ ಸ್ವಿಸ್ ರೈಲು, ಇಂಗ್ಲೆಂಡಿನ ಹಳ್ಳಿ ನಿಲ್ದಾಣ ಇಂಥವನ್ನು ಕಟ್ಟುವುದು ಸುಲಭ. ಎಂಜಿನ್ನಿಂದ ಹಿಡಿದು ಮನೆ, ಮರದವರೆಗೆ ಎಲ್ಲ ರೆಡಿಮೇಡ್ ಸಿಗುತ್ತೆ. ನಾನು ಆರಿಸಿಕೊಂಡಿದ್ದು ಬಂಗಾರಪೇಟೆ–ಮಾರಿಕುಪ್ಪಂ ಮಾರ್ಗ, ಅಂದರೆ ನಮ್ಮ ಕೆಜಿಎಫ್ ಲೈನ್. ಕೆಜಿಎಫ್ ಅಂದ ಕೂಡಲೇ ನಿಮಗೆ 2018ರ ಸಿನಿಮಾ ನೆನಪಾಗಬಹುದು. ನನಗೆ ನೆನಪಾಗೋದು ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆ, ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ತೆಲುಗು, ಮತ್ತೆ ಬೆಳಗಿನ ಜಾವ ದೂರದಲ್ಲಿ ಕೇಳಿಸುವ ರೈಲಿನ ಸೀಟಿ.

ಈ ಮಾರ್ಗ ಹುಟ್ಟಿದ್ದೇ ಗಣಿಗಾಗಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕಾಲಿಟ್ಟಿತು. ಆಗ ಬೌರಿಂಗ್‌ಪೇಟೆ ಅಂತಿದ್ದ ಇಂದಿನ ಬಂಗಾರಪೇಟೆಯಿಂದ ಗಣಿಗಳವರೆಗೆ ಸುಮಾರು 16 ಕಿ.ಮೀ. ಉದ್ದದ ಬ್ರಾಡ್‌ಗೇಜ್ ಕವಲು 1894ರಲ್ಲಿ ಶುರುವಾಯಿತು. ನಿಲ್ದಾಣಗಳ ಹೆಸರು ಕೇಳಿದರೇ ಗಣಿಯ ಚರಿತ್ರೆ ಗೊತ್ತಾಗುತ್ತೆ: ಕೋರಮಂಡಲ್, ಊರ್ಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ತಂತಿ ಎಳೆದು ಈ ಗಣಿಗಳಿಗೆ ಕರೆಂಟು ತಂದರು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ಕೂಲಿಗಳು ಇಲ್ಲೇ ನೆಲೆ ನಿಂತರು. ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಇಲ್ಲಿಂದ 800 ಟನ್‌ಗೂ ಹೆಚ್ಚು ಚಿನ್ನ ಹೊರಬಂತು. ಆಳಕ್ಕೆ ಹೋದಂತೆ ಅದಿರಿನಲ್ಲಿ ಚಿನ್ನ ಕಮ್ಮಿಯಾಯಿತು, ಖರ್ಚು ಏರಿತು. 2001ರ ಫೆಬ್ರವರಿ 28ಕ್ಕೆ ಗಣಿಗಳ ಬಾಗಿಲು ಮುಚ್ಚಿತು.

ಗಣಿ ಹೋಯಿತು, ರೈಲು ಮಾತ್ರ ಹೋಗಲಿಲ್ಲ. ಸಾಮಾನ್ಯವಾಗಿ ಕಾರ್ಖಾನೆ ಮುಚ್ಚಿದರೆ ಅದರ ಹಳಿಗೂ ತುಕ್ಕು ಹಿಡಿಯುತ್ತೆ. ಇಲ್ಲಿ ಸರಕು ಹೋಗಿ ಜನ ಬಂದರು. ಊರಲ್ಲಿ ಕೆಲಸ ಇಲ್ಲದ ಸಾವಿರಾರು ಮಂದಿ ದಿನಾ ಬೆಳಗ್ಗೆ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರತೊಡಗಿದರು. ಒಂದು ಕಡೆಗೆ ಸುಮಾರು 85 ಕಿ.ಮೀ. ಇವತ್ತಿಗೂ ಹಾಗೇ ಓಡಾಡುತ್ತಿದ್ದಾರೆ.

ಮೊದಲು ಲೆಕ್ಕ ಹೇಳಿಬಿಡ್ತೀನಿ. ಮಾದರಿ ರೈಲಿನಲ್ಲಿ ಜನ ಹೆಚ್ಚು ಬಳಸುವ ಅಳತೆಗಳಲ್ಲಿ ಎರಡು ಎಚ್‌ಒ ಮತ್ತು ಎನ್. ಎಚ್‌ಒ ಅಂದರೆ ನಿಜದ 87ನೇ ಒಂದು ಭಾಗ, ಎನ್ ಅಂದರೆ 160ನೇ ಒಂದು ಭಾಗ. ನಮ್ಮ ನೀಲಿ ಬೋಗಿ, ಅದೇ ಐಸಿಎಫ್ ಬೋಗಿ, ಸುಮಾರು 21.3 ಮೀಟರ್ ಉದ್ದ. ಎಚ್‌ಒದಲ್ಲಿ ಅದು 24 ಸೆಂ.ಮೀ. ದಾಟುತ್ತೆ. ಎಂಜಿನ್ ಜೊತೆ ನಾಲ್ಕು ಬೋಗಿ ಜೋಡಿಸಿದರೆ ನನ್ನ ಇಡೀ ಲೇಔಟ್ ಭರ್ತಿ, ರೈಲಿಗೆ ಚಲಿಸೋಕೆ ಜಾಗವೇ ಇಲ್ಲ. ಎನ್‌ನಲ್ಲಿ ಒಂದು ಬೋಗಿ 13 ಸೆಂ.ಮೀ. ಚಿಲ್ಲರೆ. ಮೂರು ಬೋಗಿ, ಒಂದು ಡೀಸೆಲ್ ಎಂಜಿನ್ ಸೇರಿ ಅರ್ಧ ಮೀಟರ್. ಹಾಗಾಗಿ ಎನ್ ಅಂತ ತೀರ್ಮಾನವಾಯಿತು.

ಇದರಲ್ಲೊಂದು ಕೊಂಕಿದೆ. ಎನ್ ಅಳತೆಯ ಹಳಿಯ ಅಗಲ 9 ಮಿ.ಮೀ. ಅದು ಯುರೋಪಿನ ಗೇಜಿಗೆ ಸರಿ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಆದ್ದರಿಂದ ಲೆಕ್ಕಕ್ಕೆ ಹತ್ತೂವರೆ ಮಿ.ಮೀ. ಬೇಕು. ಒಂದೂವರೆ ಮಿ.ಮೀ. ಕಡಿಮೆ ಬೀಳುತ್ತೆ. ಇದಕ್ಕೆ ಕೈಯಲ್ಲೇ ಹಳಿ ಜೋಡಿಸುವ ಮಹಾನುಭಾವರಿದ್ದಾರೆ. ನಾನು ಅಂಗಡಿಯ ಹಳಿಯಲ್ಲೇ ಸಮಾಧಾನ ಮಾಡಿಕೊಂಡೆ. ಆಫೀಸ್ ಮುಗಿಸಿ ಉಳಿಯೋದು ದಿನಕ್ಕೆ ಒಂದು ಗಂಟೆ ಅಷ್ಟೇ ತಾನೆ?

160ರಿಂದ ಭಾಗಿಸೋದು ಒಂದು ಹುಚ್ಚು. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ 16 ಕಿ.ಮೀ. ಈ ಅಳತೆಯಲ್ಲಿ 100 ಮೀಟರ್. ನನ್ನ ನಾಲ್ಕು ಅಡಿಗೆ ಸಿಗೋದು ನಿಜದ ನೆಲದ 200 ಮೀಟರ್ ಕೂಡ ಇಲ್ಲ. ಒಂದು ನಿಲ್ದಾಣ, ಒಂದು ಗಣಿ, ಒಂದು ಸೈನೈಡ್ ದಿಬ್ಬ, ಅಲ್ಲಿಗೆ ಜಾಗ ಮುಗೀತು. ಇನ್ನು ಆಳ? ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿ.ಮೀ. ಆಳ. 160ರಿಂದ ಭಾಗಿಸಿದರೆ 20 ಮೀಟರ್. ನಾವಿರೋದು ನಾಲ್ಕನೇ ಮಹಡಿ. ನಮ್ಮ ಹಾಲಿನಿಂದ ಕೊರೆಯುತ್ತಾ ಹೋದರೆ ಕೆಳಗಿನ ನಾಲ್ಕೂ ಮನೆ ತೂತಾಗಿ, ಬೇಸ್‌ಮೆಂಟ್ ಪಾರ್ಕಿಂಗ್ ದಾಟಿ, ಇನ್ನೂ ನೆಲದೊಳಕ್ಕೆ ಇಳಿಯಬೇಕು.

ಈ ಲೆಕ್ಕವನ್ನು ಅಪ್ಪನಿಗೆ ಹೇಳಿದೆ. ಅವರು ನಗಲಿಲ್ಲ. ‘ಅಷ್ಟು ಆಳಕ್ಕೆ ಒಂದೇ ಹಗ್ಗದಲ್ಲಿ ಇಳಿಸಕ್ಕಾಗಲ್ಲಮ್ಮ. ಒಂದು ಶಾಫ್ಟ್ ಇಳಿದು, ಒಳಗೇ ನಡೆದು, ಇನ್ನೊಂದು ಶಾಫ್ಟ್ ಇಳೀಬೇಕು’ ಅಂದರು.

ಅಪ್ಪ ಗಣಿಯಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್. ಶಾಫ್ಟಿನಲ್ಲಿ ಕೇಜನ್ನು ಇಳಿಸೋದು, ಎತ್ತೋದು ಅವರ ಕೆಲಸ. ಕೇಜು ಅವರ ಕಣ್ಣಿಗೆ ಕಾಣೋದಿಲ್ಲ. ಎದುರಿಗೆ ಆಳ ತೋರಿಸುವ ಮುಳ್ಳು, ಕಿವಿಗೆ ಬೆಲ್ಲು. ನಿಂತ ಕೇಜಿಗೆ ಒಂದು ಬೆಲ್ ಅಂದರೆ ಎತ್ತು, ಎರಡು ಅಂದರೆ ಇಳಿಸು, ಮೂರು ಅಂದರೆ ಒಳಗೆ ಮನುಷ್ಯರು ಹತ್ತುತ್ತಿದ್ದಾರೆ, ಹುಷಾರು. ‘ಕಲ್ಲು ತುಂಬಿದಾಗ ಒಂಥರಾ ಕೈ, ಮೂರು ಬೆಲ್ ಬಂದಾಗ ಇನ್ನೊಂಥರಾ ಕೈ’ ಅಂತಾರೆ ಅಪ್ಪ. ಈಗ ಅವರಿಗೆ ಎಪ್ಪತ್ತು ದಾಟಿದೆ. ಕಾಫಿ ಲೋಟ ಟೇಬಲ್ ಮೇಲೆ ಇಟ್ಟರೆ ಇವತ್ತಿಗೂ ಸದ್ದಾಗಲ್ಲ.

ನಿಜವಾದ ಜಗಳ ಶುರುವಾಗಿದ್ದು ಹಳಿಯ ಬಗ್ಗೆ ಅಲ್ಲ, ವರ್ಷದ ಬಗ್ಗೆ. ಮಾದರಿ ರೈಲಿನವರ ದೊಡ್ಡ ನಿಯಮ ಒಂದೇ: ಒಂದು ಜಾಗ, ಒಂದು ಕಾಲ. ವರ್ಷ ಗೊತ್ತಿಲ್ಲದಿದ್ದರೆ ಯಾವ ಎಂಜಿನ್, ಬೋಗಿಗೆ ಯಾವ ಬಣ್ಣ, ಗೋಡೆಯ ಮೇಲೆ ಯಾವ ಜಾಹೀರಾತು, ಏನೂ ತೀರ್ಮಾನ ಆಗಲ್ಲ.

‘ಎಂಬತ್ತೈದು ಇಡು’ ಅಂದರು ಅಪ್ಪ ಒಂದು ಕ್ಷಣವೂ ಯೋಚಿಸದೆ. ಹೆಡ್‌ಗೇರ್ ಚಕ್ರ ತಿರುಗಬೇಕು, ದೀಪ ಉರೀಬೇಕು, ಶಿಫ್ಟ್ ಬಿಟ್ಟ ಜನ ಗುಂಪಾಗಿ ಬರಬೇಕು. ನನಗೋ 2003 ಬೇಕಿತ್ತು. ಗಣಿ ನಿಂತಿದೆ, ಬೆಳಗಿನ ಜಾವ, ಪ್ಲಾಟ್‌ಫಾರ್ಮ್ ತುಂಬ ಬೆಂಗಳೂರಿಗೆ ಹೊರಟವರು. ನಾನು ಕಂಡಿದ್ದು ಆ ರೈಲನ್ನು. ಗಣಿ ಮುಚ್ಚಿದಾಗ ನನಗೆ ಹತ್ತು ವರ್ಷ.

‘ನಿಂತ ಗಣಿ ಕಟ್ಟಿ ಯಾರಿಗೆ ತೋರಿಸ್ತೀಯಮ್ಮ?’ ಅಂದರು. ಆ ಮಾತಿನ ನಂತರ ಎರಡು ವಾರ ಅವರು ಲೇಔಟಿನ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

2003ರಲ್ಲಿ ಅಪ್ಪ ಕೂಡ ಆ ಪ್ಲಾಟ್‌ಫಾರ್ಮಿನಲ್ಲಿ ಇದ್ದರು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಗಾರ್ಡ್. ಹನ್ನೊಂದು ವರ್ಷ ದಿನಾ ಹೋಗಿ ಬಂದರು. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಬರೋರು. ನನ್ನ ಸ್ಕೂಲು, ಪಿಯುಸಿ, ಎಂಜಿನಿಯರಿಂಗ್ ಫೀಸು ಎಲ್ಲ ಆ ರೈಲಿನಲ್ಲೇ ಬಂದಿದ್ದು. ಆ ವರ್ಷಗಳ ಒಂದೇ ಒಂದು ಫೋಟೋ ನಮ್ಮ ಮನೇಲಿಲ್ಲ. ವೈಂಡಿಂಗ್ ಹೌಸಿನ ಮುಂದೆ ನಿಂತ ಫೋಟೋಗೆ ಮಾತ್ರ ಚೌಕಟ್ಟು ಹಾಕಿಸಿ ಗೋಡೆಗೆ ಹಾಕಿದ್ದಾರೆ.

ಒಂದು ಭಾನುವಾರ ಅಪ್ಪ ತಾವಾಗೇ ಬಂದು ಕೂತರು. ‘ಪ್ಲಾಟ್‌ಫಾರ್ಮಲ್ಲಿ ಜನ ಹೆಂಗೆ ಮಾಡ್ತೀಯ?’ ಅಂತ ಕೇಳಿದರು. ಈ ಅಳತೆಯಲ್ಲಿ ಮನುಷ್ಯ ಒಂದು ಸೆಂ.ಮೀ.ಗಿಂತ ಚೂರು ಎತ್ತರ, ಗೊಂಬೆ ಸಿಗುತ್ತೆ, ಬಣ್ಣ ನಾವೇ ಹಚ್ಚಬೇಕು ಅಂದೆ. ‘ಎಲ್ಲರ ಕೈಗೂ ಒಂದೊಂದು ಬ್ಯಾಗ್ ಕೊಡು’ ಅಂದರು. ಊಟದ ಬ್ಯಾಗಾ ಅಂದೆ. ‘ಊಟಾನೂ ಇರ್ತಿತ್ತು. ಯೂನಿಫಾರ್ಮೂ ಇರ್ತಿತ್ತು. ನಾನು ರೈಲಲ್ಲಿ ಹಾಕ್ಕೊತಿರಲಿಲ್ಲ. ಗೇಟ್ ಹತ್ರ ಹೋಗಿ ಬದಲಾಯಿಸ್ಕೊತಿದ್ದೆ. ಎಲ್ಲರೂ ಗೊತ್ತಿರೋರೇ ಅಲ್ವಾ ಗಾಡಿ ತುಂಬ.’

ಅಷ್ಟೇ ಹೇಳಿದ್ದು. ಹನ್ನೊಂದು ವರ್ಷ ನಾನು ನೋಡಿದ ಆ ಬ್ಯಾಗಿನಲ್ಲಿ ಏನಿತ್ತು ಅಂತ ನನಗೆ ಗೊತ್ತಾಗಿದ್ದು ಅವತ್ತು.

ಆಮೇಲೆ ಪೆನ್ಸಿಲ್ ಹಿಡಿದು ಇಬ್ಬರೂ ಪ್ಲಾನ್ ಹಾಕಿದೆವು. ಎರಡೂ ವರ್ಷ ಒಂದೇ ಹಲಗೆಯ ಮೇಲೆ ಕೂರುತ್ತವೆ. ಗಣಿ ಮುಚ್ಚಿದ ಮೇಲೂ ದಿಬ್ಬ ಅಲ್ಲೇ ಇದೆ, ಕೆಲವು ಶಾಫ್ಟುಗಳ ಮೇಲೆ ಕಬ್ಬಿಣದ ಹೆಡ್‌ಗೇರ್ ಕೂಡ ನಿಂತಿದೆ. ಬದಲಾಗೋದು ಚಕ್ರ ತಿರುಗುತ್ತಾ ಇಲ್ವಾ, ದೀಪ ಉರಿಯುತ್ತಾ ಇಲ್ವಾ, ಪ್ಲಾಟ್‌ಫಾರ್ಮಿನ ಜನ ಯಾರು ಅನ್ನೋದು. ಎಸ್‌ಪಿ ರಸ್ತೆಯಲ್ಲಿ ನಿಧಾನವಾಗಿ ತಿರುಗುವ ಪುಟ್ಟ ಗೇರ್ ಮೋಟರ್ ಸಿಗುತ್ತೆ. ಅದಕ್ಕೊಂದು ಸ್ವಿಚ್. ಆನ್ ಮಾಡಿದರೆ 1985, ಆಫ್ ಮಾಡಿದರೆ 2003. ಜನರನ್ನು ಎರಡು ತೆಳು ಪಟ್ಟಿಗಳ ಮೇಲೆ ಅಂಟಿಸಿ, ವರ್ಷಕ್ಕೆ ತಕ್ಕಂತೆ ಪ್ಲಾಟ್‌ಫಾರ್ಮಿಗೆ ಕೂರಿಸಬಹುದು. ಎಂಜಿನ್ ಎರಡಕ್ಕೂ ಒಂದೇ: ಆ ಕಾಲದಲ್ಲಿ ದೇಶದ ತುಂಬ ಓಡಾಡಿದ ಡಬ್ಲ್ಯೂಡಿಎಂ-2. ಬೋಗಿಗಳು ಮಾತ್ರ ಎರಡು ಸೆಟ್ಟು: 85ಕ್ಕೆ ಕೆಂಗಂದು ಬಣ್ಣ, 2003ಕ್ಕೆ ನೀಲಿ.

ಹಳಿಯ ವಿನ್ಯಾಸ ಸರಳ. ಕೊನೆಯ ನಿಲ್ದಾಣ ಆದ್ದರಿಂದ ಎಂಜಿನ್ ಬಿಚ್ಚಿಕೊಂಡು, ಪಕ್ಕದ ಹಳಿಯಲ್ಲಿ ಸುತ್ತಿ ಬಂದು, ಇನ್ನೊಂದು ತುದಿಗೆ ಸೇರಬೇಕು. ಅದಕ್ಕೊಂದು ಲೂಪ್. ಗಣಿಯ ಕಡೆಗೆ ಒಂದು ಸೈಡಿಂಗ್. 1985ರಲ್ಲಿ ಅಲ್ಲಿ ಮರದ ದಿಮ್ಮಿ ಹೊತ್ತ ಎರಡು ವ್ಯಾಗನ್, 2003ರಲ್ಲಿ ಬರೀ ಹುಲ್ಲು. ಬಲಗಡೆ ಹಳಿ ದಿಬ್ಬದ ಹಿಂದೆ ಮಾಯವಾಗುತ್ತೆ. ಅಲ್ಲಿಂದಾಚೆ ಎರಡಡಿಯ ತೆಗೆದಿಡುವ ಹಲಗೆ. ರೈಲು ಓಡಿಸುವಾಗ ಜೋಡಿಸೋದು, ಆಮೇಲೆ ಮಂಚದ ಕೆಳಗೆ ತಳ್ಳೋದು. ಅದೇ ನಮ್ಮ ಬಂಗಾರಪೇಟೆ, ಅದೇ ಬೆಂಗಳೂರು. ದಿಬ್ಬಕ್ಕೆ ಥರ್ಮಾಕೋಲು, ಮೇಲೆ ಪ್ಲಾಸ್ಟರ್, ಬೂದಿ ಬಣ್ಣ. ನೆಲಕ್ಕೆ ಒಣಗಿಸಿದ ಟೀ ಪುಡಿ.

ಹೆಡ್‌ಗೇರ್ ಒಂದು ಗೇಣಿಗಿಂತ ಕಡಿಮೆ ಎತ್ತರ. ಮೇಲೆ ಎರಡು ಚಕ್ರ. ಅದರ ಚಿತ್ರ ಬರೆಯುವಾಗ ಅಪ್ಪ ಎರಡು ಬಾಣದ ಗುರುತು ಹಾಕಿದರು, ಒಂದು ಈ ಕಡೆಗೆ, ಒಂದು ಆ ಕಡೆಗೆ. ‘ಎರಡೂ ಒಂದೇ ಕಡೆ ತಿರುಗಬಾರದು. ಒಂದು ಕೇಜ್ ಇಳಿದರೇನೇ ಇನ್ನೊಂದು ಏರೋದು.’ ಒಂದೇ ಮೋಟರಿನಲ್ಲಿ ಹೀಗೆ ತಿರುಗಿಸೋಕೆ ಬೆಲ್ಟನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಹಾಕಿದರೆ ಆಯಿತು. ಸ್ವಿಚ್ ತಮ್ಮ ಕುರ್ಚಿಯ ಕಡೆಗೇ ಇರಬೇಕು ಅಂತ ಷರತ್ತು ಹಾಕಿದ್ದಾರೆ.

ಮಾರಿಕುಪ್ಪಂನಿಂದ ಆಂಧ್ರದ ಕುಪ್ಪಂಗೆ ಹಳಿ ಜೋಡಿಸುವ ಯೋಜನೆ ಇದೆ. ಅದು ಮುಗಿದ ದಿನ ಮಾರಿಕುಪ್ಪಂ ಕೊನೆಯ ನಿಲ್ದಾಣ ಆಗಿ ಉಳಿಯೋದಿಲ್ಲ. ಹಾಗಾಗಿ ನಮ್ಮ ಹಲಗೆಯ ಎಡ ತುದಿಯಲ್ಲಿ ಬಫರ್ ದಾಟಿ ಎರಡು ಇಂಚು ಖಾಲಿ ಜಾಗ ಬಿಡ್ತಿದೀನಿ.

ನಿಮ್ಮೂರಿನಲ್ಲೂ ಮುಚ್ಚಿದ ಒಂದು ಮಿಲ್ಲೋ, ಗಣಿಯೋ, ಕಾರ್ಖಾನೆಯೋ ಇರಬಹುದು. ಅದನ್ನು ನಾಲ್ಕಡಿಯಲ್ಲಿ ಕಟ್ಟಬೇಕು ಅಂದರೆ ಯಾವ ವರ್ಷ ಆರಿಸ್ತೀರಿ? ಉತ್ತರ ಹೇಳುವ ಮುಂಚೆ ಅಲ್ಲಿ ದುಡಿದವರನ್ನು ಒಂದು ಮಾತು ಕೇಳಿ. ನಮ್ಮ ಮನೆಯಲ್ಲಿ ಮುಂದಿನ ವಾರ ಪ್ಲೈವುಡ್ ಬರುತ್ತೆ. ಬ್ಯಾಗ್ ಹಿಡಿದ ಹನ್ನೆರಡು ಗೊಂಬೆಗಳಿಗೆ ಬಣ್ಣ ಹಚ್ಚೋ ಕೆಲಸ ಅಪ್ಪ ತಾವೇ ವಹಿಸಿಕೊಂಡಿದ್ದಾರೆ.