ಒಡೆದ ಹಂಚು ಕಲಿಸಿದ ಪಾಠ



ನಾನು ಶಾಲೆಗಳಿಗೆ ಬರುವಾಗ ತರುವ ಚೀಲದಲ್ಲಿ ಆಯಸ್ಕಾಂತ, ಮಸೂರ, ತಂತಿ, ಬಲ್ಬುಗಳ ಜೊತೆಗೆ ಅಂಗೈಯಗಲದ ಒಂದು ಕಪ್ಪು ಚೂರೂ ಇರುತ್ತದೆ. ಅದು ದೋಸೆ ಹಂಚಿನ ಚೂರು. ಅದನ್ನು ಏಕೆ ಹೊತ್ತು ತಿರುಗುತ್ತೇನೆ ಎಂಬುದನ್ನು ಇಂದು ನಿಮಗೆ ಹೇಳಬೇಕು.

ಆಗ ನಾನು ಏಳನೆಯ ತರಗತಿಗೆ ವಿಜ್ಞಾನ ಕಲಿಸುತ್ತಿದ್ದೆ. ಕಿರುಪರೀಕ್ಷೆಯಲ್ಲಿ ಒಂದು ಬಿಟ್ಟ ಸ್ಥಳ ಕೊಟ್ಟಿದ್ದೆ: ‘ಲೋಹಗಳನ್ನು ಸುತ್ತಿಗೆಯಿಂದ ಬಡಿದರೆ ಅವು ________.’ ‘ತಗಡಾಗುತ್ತವೆ’ ಎಂಬುದು ನನಗೆ ಬೇಕಿದ್ದ ಉತ್ತರ. ಒಬ್ಬ ಹುಡುಗ ‘ಕೆಲವು ಒಡೆಯುತ್ತವೆ’ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿದೆ.

ಮರುದಿನ ಅವನು ಬಟ್ಟೆಯಲ್ಲಿ ಸುತ್ತಿ ಈ ಚೂರನ್ನು ತಂದ. “ಸಾರ್, ಅಜ್ಜಿ ಕೈಯಿಂದ ಹಂಚು ಜಾರಿ ಬಿತ್ತು. ಎರಡು ಹೋಳಾಯ್ತು. ಇದು ಕಬ್ಬಿಣ ಅಲ್ವಾ ಸಾರ್?” ಎಂದು ಕೇಳಿದ. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿದಿಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ. “ಪುಸ್ತಕದಲ್ಲಿ ಏನಿದೆಯೋ ಅದನ್ನು ಬರೆ” ಎಂದೆ. ಅವನು ಚೂರನ್ನು ಮೇಜಿನ ಮೇಲೆಯೇ ಬಿಟ್ಟು ಹೋಗಿ ಕುಳಿತ. ಮತ್ತೆ ಆ ವರ್ಷವೆಲ್ಲ ಅವನು ತರಗತಿಯಲ್ಲಿ ಪ್ರಶ್ನೆ ಕೇಳಲಿಲ್ಲ.

ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ನಿಮಗೆ ಕೊಡುತ್ತೇನೆ.

ಬಾಗುವುದು ಮತ್ತು ಒಡೆಯುವುದು

ಬೇಲಿಯ ತಂತಿಯನ್ನು ಬಗ್ಗಿಸಿ ನೋಡಿ. ಅದು ಬಾಗುತ್ತದೆ, ಮುರಿಯುವುದಿಲ್ಲ. ಲೋಹದೊಳಗೆ ಪರಮಾಣುಗಳು ಸಾಲುಸಾಲಾಗಿ, ಪದರಪದರವಾಗಿ ಜೋಡಣೆಗೊಂಡಿರುತ್ತವೆ. ಬಲ ಹಾಕಿದಾಗ ಒಂದು ಪದರ ಇನ್ನೊಂದರ ಮೇಲೆ ಜಾರುತ್ತದೆ. ಜಾರಿದರೂ ಹಿಡಿತ ತಪ್ಪುವುದಿಲ್ಲ. ಆದ್ದರಿಂದಲೇ ಲೋಹವನ್ನು ಎಳೆದು ತಂತಿ ಮಾಡಬಹುದು. ಈ ಗುಣಕ್ಕೆ ತನ್ಯತೆ ಎಂದು ಹೆಸರು. ಗಾಜಿನ ಬಳೆ, ಬಳಪ, ಸೀಮೆಸುಣ್ಣಗಳಿಗೆ ಈ ಗುಣವಿಲ್ಲ. ಅವು ಬಾಗದೆ ಥಟ್ಟನೆ ಮುರಿಯುತ್ತವೆ. ಇಂತಹ ವಸ್ತುಗಳನ್ನು ಭಿದುರ ವಸ್ತುಗಳು ಎನ್ನುತ್ತೇವೆ.

ಹಾಗಾದರೆ ಕಬ್ಬಿಣದ ಹಂಚು ಏಕೆ ಒಡೆಯಿತು? ಅದು ಬರಿಯ ಕಬ್ಬಿಣವಲ್ಲ, ಬೀಡು ಕಬ್ಬಿಣ. ಅದರಲ್ಲಿ ನೂರಕ್ಕೆ 2ರಿಂದ 4 ಭಾಗದಷ್ಟು ಇಂಗಾಲ ಇರುತ್ತದೆ. ಕರಗಿದ ಬೀಡು ಅಚ್ಚಿನಲ್ಲಿ ತಣ್ಣಗಾಗುವಾಗ ಹೆಚ್ಚಿನ ಇಂಗಾಲವು ಗ್ರಾಫೈಟ್ ಆಗಿ, ತೆಳ್ಳನೆಯ ಚಕ್ಕೆಗಳ ರೂಪದಲ್ಲಿ ಕಬ್ಬಿಣದ ನಡುವೆ ಉಳಿಯುತ್ತದೆ. ನಿಮ್ಮ ಪೆನ್ಸಿಲ್ಲಿನ ಕಡ್ಡಿಯಲ್ಲಿರುವುದೂ ಗ್ರಾಫೈಟೇ. ಅದಕ್ಕೆ ಬಲವಿಲ್ಲ. ಹೀಗಾಗಿ ಬೀಡು ಎಂದರೆ ಗಟ್ಟಿ ಕಬ್ಬಿಣ ಮತ್ತು ಮೆತ್ತನೆಯ ಚಕ್ಕೆಗಳು ಬೆರೆತ ವಸ್ತು. ಒಂದೊಂದು ಚಕ್ಕೆಯೂ ಮೊದಲೇ ಮಾಡಿಟ್ಟ ಒಂದು ಬಿರುಕಿನಂತೆ!

ಬಿರುಕು ಎಲ್ಲಿ ಹುಟ್ಟುತ್ತದೆ?

ಬಟ್ಟೆ ಅಂಗಡಿಯಲ್ಲಿ ನೀವು ನೋಡಿರಬಹುದು. ಅಂಚಿನಲ್ಲಿ ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕಿ, ಎರಡೂ ಕೈಯಿಂದ ಎಳೆದರೆ ಬಟ್ಟೆ ಸರ್‍ರನೆ ಹರಿಯುತ್ತದೆ. ಕಚ್ಚು ಇಲ್ಲದಿದ್ದರೆ ಎಷ್ಟು ಎಳೆದರೂ ಕಷ್ಟ. ಎಳೆದ ಬಲವೆಲ್ಲ ಕಚ್ಚಿನ ತುದಿಯಲ್ಲಿ ಬಂದು ಸೇರುವುದೇ ಇದಕ್ಕೆ ಕಾರಣ.

ಇಂಗ್ಲೆಂಡಿನ ಎ.ಎ. ಗ್ರಿಫಿತ್ ಎಂಬ ಎಂಜಿನಿಯರ್ ಇದನ್ನೇ ಗಾಜಿನಲ್ಲಿ ಅಧ್ಯಯನ ಮಾಡಿ 1921ರಲ್ಲಿ ಪ್ರಕಟಿಸಿದರು. ಗಾಜು ದುರ್ಬಲವಾಗಿರುವುದು ಅದರ ಪರಮಾಣುಗಳ ಹಿಡಿತ ಸಡಿಲವಾಗಿರುವುದರಿಂದ ಅಲ್ಲ. ಅದರಲ್ಲಿರುವ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳಿಂದ ಎಂದು ಅವರು ತೋರಿಸಿದರು. ಗಾಜನ್ನು ಕರಗಿಸಿ ಹೊಸದಾಗಿ ಎಳೆದ ಬಹಳ ತೆಳ್ಳನೆಯ ಎಳೆ ದಪ್ಪ ಕಡ್ಡಿಗಿಂತ ಎಷ್ಟೋ ಪಟ್ಟು ಹೆಚ್ಚು ಸೆಳೆತವನ್ನು ತಡೆಯಿತು.

ರಷ್ಯಾದ ಅಬ್ರಾಂ ಯೋಫೆ ಎಂಬ ವಿಜ್ಞಾನಿ ಮಾಡಿದ ಪ್ರಯೋಗ ಇನ್ನೂ ಸ್ವಾರಸ್ಯಕರ. ಕಲ್ಲುಪ್ಪಿನ ಹರಳು ಭಿದುರ ವಸ್ತು. ಅದೇ ಹರಳನ್ನು ಬೆಚ್ಚನೆಯ ನೀರಿನಲ್ಲಿ ಮುಳುಗಿಸಿ ಬಲ ಹಾಕಿದಾಗ ಅದು ಮುರಿಯದೆ ಬಾಗಿತು! ನೀರು ಹರಳಿನ ಹೊರಮೈಯನ್ನು ಕರಗಿಸುತ್ತಾ ಅಲ್ಲಿದ್ದ ಬಿರುಕುಗಳನ್ನೂ ಅಳಿಸಿಹಾಕುತ್ತಿತ್ತು. ಉಪ್ಪಿನ ಒಳಭಾಗ ಬದಲಾಗಲಿಲ್ಲ, ಹೊರಮೈ ಮಾತ್ರ ಬದಲಾಯಿತು. ವಸ್ತುವಿನ ನಡತೆಯೇ ಬೇರೆಯಾಯಿತು.

ಲೋಹದ ಗಾಜು

ಈಗ ಒಂದು ವಿಚಿತ್ರ ವಸ್ತುವಿನ ಪರಿಚಯ ಮಾಡಿಕೊಳ್ಳೋಣ. ಅದು ಲೋಹ ಹೌದು, ಗಾಜೂ ಹೌದು. 1960ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ ಪೋಲ್ ಡ್ಯೂವೆ ಮತ್ತು ಸಂಗಡಿಗರು ಚಿನ್ನ ಮತ್ತು ಸಿಲಿಕಾನ್ ಸೇರಿಸಿ ಕರಗಿಸಿ, ಆ ದ್ರವವನ್ನು ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಡಿಗ್ರಿಗಳ ವೇಗದಲ್ಲಿ ತಣ್ಣಗಾಗಿಸಿದರು. ಪರಮಾಣುಗಳಿಗೆ ಸಾಲಾಗಿ ನಿಲ್ಲಲು ಸಮಯವೇ ಸಿಗಲಿಲ್ಲ. ಬೆಳಗಿನ ಪ್ರಾರ್ಥನೆಗೆ ಸಾಲು ಕಟ್ಟುವ ಮೊದಲೇ ಯಾರೋ ‘ಅಲ್ಲಾಡಬೇಡಿ!’ ಎಂದು ಕೂಗಿದರೆ ನೀವು ಎಲ್ಲೆಲ್ಲಿ ನಿಂತಿರುತ್ತೀರೋ ಹಾಗೆ ಅವು ನಿಂತುಬಿಟ್ಟವು. 1993ರಲ್ಲಿ ಅದೇ ಸಂಸ್ಥೆಯ ಪೆಕರ್ ಮತ್ತು ಜಾನ್ಸನ್ ಅವರು ಜಿರ್ಕೋನಿಯಂ, ಟೈಟಾನಿಯಂ, ತಾಮ್ರ, ನಿಕ್ಕಲ್ ಹಾಗೂ ಬೆರಿಲಿಯಂ ಬೆರೆಸಿ, ನಿಧಾನವಾಗಿ ತಣಿಸಿದರೂ ಗಾಜಾಗುವ ಮಿಶ್ರಲೋಹವನ್ನು ತಯಾರಿಸಿದರು. ಅಲ್ಲಿಂದ ದಪ್ಪನೆಯ ಸರಳುಗಳನ್ನೂ ಎರಕ ಹೊಯ್ಯಲು ಸಾಧ್ಯವಾಯಿತು.

ಇದು ಬಹಳ ಗಟ್ಟಿ. ಆದರೆ ಎಳೆದರೆ ಬಹುತೇಕ ಹಿಗ್ಗದೆಯೇ ತುಂಡಾಗುತ್ತದೆ. ಏಕೆ? ಜಾರಲು ಅಲ್ಲಿ ಪದರಗಳೇ ಇಲ್ಲ. ಬಲ ಹೆಚ್ಚಾದಾಗ ಯಾವುದೋ ಒಂದು ಕಡೆ, ನಮ್ಮ ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಒಂದು ಪಟ್ಟಿಯಲ್ಲಿ ಪರಮಾಣುಗಳು ಜಾರಲು ತೊಡಗುತ್ತವೆ. ಇದನ್ನು ಜಾರುಪಟ್ಟಿ ಎಂದು ಕರೆಯೋಣ. ಒಮ್ಮೆ ಜಾರಿದ ಜಾಗ ಮೆತ್ತಗಾಗುತ್ತದೆ. ಆದ್ದರಿಂದ ಮುಂದಿನ ಜಾರುವಿಕೆಯೂ ಅಲ್ಲಿಯೇ. ಎಲ್ಲ ಭಾರವೂ ಅದೊಂದೇ ಪಟ್ಟಿಯ ಮೇಲೆ ಬಿದ್ದು, ಅದು ಹೊರಮೈವರೆಗೆ ಓಡಿ, ಸರಳು ತುಂಡಾಗುತ್ತದೆ.

ತಾಮ್ರದ ಅಂಗಿ

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಒಂದು ಉಪಾಯ, ಲೋಹದ ಗಾಜಿನ ಸರಳಿಗೆ ತಾಮ್ರ ಅಥವಾ ನಿಕ್ಕಲ್ ಲೇಪಿಸುವುದು. ಇದನ್ನು ವಿದ್ಯುಲ್ಲೇಪನದಿಂದ ಮಾಡುತ್ತಾರೆ. ಹೀಗೆ ಲೇಪಿಸಿದ ಸರಳನ್ನು ಎರಡು ತುದಿಗಳಿಂದ ಒತ್ತಿದಾಗ, ಬರಿ ಸರಳಿಗಿಂತ ಅದು ಹೆಚ್ಚು ಕುಗ್ಗಿ, ಆಕಾರ ಬದಲಿಸಿ, ಆಮೇಲೆ ಮುರಿಯಿತು.

ತೆಳ್ಳನೆಯ ತಾಮ್ರಕ್ಕೆ ಇಷ್ಟು ಶಕ್ತಿ ಎಲ್ಲಿಂದ ಬಂತು? ತಾಮ್ರ ಸರಳಿಗಿಂತ ಮೆದು. ಅದು ಬಲವನ್ನು ಎದುರಿಸಿ ಗೆಲ್ಲುವುದಿಲ್ಲ. ಜಾರುಪಟ್ಟಿ ಹೊರಮೈಗೆ ಬಂದಾಗ ತಾಮ್ರ ಹರಿಯದೆ ಹಿಗ್ಗುತ್ತದೆ, ಹಿಗ್ಗುತ್ತಲೇ ಪಟ್ಟಿಯ ತುದಿಯನ್ನು ಹಿಡಿದು ನಿಲ್ಲಿಸುತ್ತದೆ. ಆ ದಾರಿ ಮುಚ್ಚಿದ್ದರಿಂದ ಇನ್ನೊಂದು ಜಾಗದಲ್ಲಿ ಇನ್ನೊಂದು ಪಟ್ಟಿ ಹುಟ್ಟುತ್ತದೆ. ಅದೂ ನಿಂತರೆ ಮತ್ತೊಂದು. ಒಂದು ದೊಡ್ಡ ಜಾರುವಿಕೆಯ ಬದಲು ಹತ್ತಾರು ಪುಟ್ಟ ಜಾರುವಿಕೆಗಳು! ಎಲ್ಲವನ್ನೂ ಕೂಡಿದಾಗ ಸರಳು ಸ್ವಲ್ಪ ಬಾಗಿದಂತಾಗುತ್ತದೆ. ಲೇಪನ ಮಾಡುವ ಕೆಲಸ ಇಷ್ಟೇ: ಒಬ್ಬನೇ ಹೊರುತ್ತಿದ್ದ ಮೂಟೆಯನ್ನು ಹಲವರಿಗೆ ಹಂಚುವುದು.

ನೀವೇ ಮಾಡಿ ನೋಡಿ

ಬೇಕಾಗುವ ವಸ್ತುಗಳು: ಮೂರು ಹೊಸ ಸೀಮೆಸುಣ್ಣ, ಒಂದು ಮೊಳೆ, ಅಂಟುಟೇಪು, ಒಂದು ದುಂಡನೆಯ ತಂಬಿಗೆ.

ಮೊದಲನೆಯ ಸೀಮೆಸುಣ್ಣವನ್ನು ಹಾಗೆಯೇ ಬಿಡಿ. ಎರಡನೆಯದರ ನಡುವೆ ಮೊಳೆಯಿಂದ ಸುತ್ತಲೂ ಒಂದು ಗೀರು ಹಾಕಿ. ಮೂರನೆಯದಕ್ಕೆ ಟೇಪನ್ನು ಉದ್ದಕ್ಕೂ ಸುತ್ತಲೂ ಬಿಗಿಯಾಗಿ ಅಂಟಿಸಿ, ಸುಕ್ಕು ಇರಬಾರದು. ಈಗ ಒಂದೊಂದನ್ನೇ ತಂಬಿಗೆಯ ಮೈಗೆ ಆನಿಸಿ, ಎರಡು ತುದಿ ಹಿಡಿದು ನಿಧಾನವಾಗಿ ಬಗ್ಗಿಸಿ.

ಗೀರು ಹಾಕಿದ್ದು ಸುಲಭವಾಗಿ, ಗೀರಿನ ಜಾಗದಲ್ಲಿಯೇ ಮುರಿಯುತ್ತದೆ. ಬರಿಯದು ಸ್ವಲ್ಪ ಹೆಚ್ಚು ಬಲ ಕೇಳಿ, ಟಪ್ಪನೆ ಎರಡಾಗುತ್ತದೆ. ಟೇಪು ಸುತ್ತಿದ್ದು ಬಿರಿದರೂ ಬೇರೆಯಾಗುವುದಿಲ್ಲ. ತಂಬಿಗೆಯ ಮೈಗೆ ಒತ್ತುತ್ತಾ ಹೋದರೆ ಮತ್ತೊಂದು ಕಡೆಯೂ ಬಿರಿಯಬಹುದು. ಟೇಪನ್ನು ಬಿಚ್ಚಿ ಬಿರುಕುಗಳನ್ನು ಎಣಿಸಿ. ಟೇಪನ್ನು ಸಡಿಲವಾಗಿ ಸುತ್ತಿ ಇನ್ನೊಮ್ಮೆ ಮಾಡಿ. ಏನು ವ್ಯತ್ಯಾಸ? ಲೇಪನ ಚೆನ್ನಾಗಿ ಅಂಟಿಕೊಂಡಿರಬೇಕು ಎಂದು ವಿಜ್ಞಾನಿಗಳು ಏಕೆ ಹೇಳುತ್ತಾರೆ ಎಂಬುದು ನಿಮಗೇ ತಿಳಿಯುತ್ತದೆ.

ಎಲ್ಲದಕ್ಕೂ ಒಂದೇ ಮದ್ದಲ್ಲ

ಲೇಪನ ಯಾವಾಗಲೂ ಒಳ್ಳೆಯದನ್ನೇ ಮಾಡುತ್ತದೆ ಎಂದು ತಿಳಿಯಬೇಡಿ. ಬಹಳ ಗಟ್ಟಿಯಾದ ಉಕ್ಕಿನ ಬೋಲ್ಟುಗಳಿಗೆ ಸತುವಿನ ವಿದ್ಯುಲ್ಲೇಪನ ಮಾಡುವಾಗ ಹೈಡ್ರೋಜನ್ ಪರಮಾಣುಗಳು ಉಕ್ಕಿನೊಳಗೆ ಸೇರಿ ಅದನ್ನು ಭಿದುರ ಮಾಡಬಲ್ಲವು. ಅದಕ್ಕಾಗಿ ಲೇಪನದ ನಂತರ ಅವನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಕಾಯಿಸಿ ಹೈಡ್ರೋಜನ್ನನ್ನು ಹೊರಹಾಕುತ್ತಾರೆ.

ದೋಸೆ ಹಂಚಿಗೆ ತಾಮ್ರ ಬಳಿದಿದ್ದರೆ? ಹೆಚ್ಚು ಉಪಯೋಗವಾಗುತ್ತಿರಲಿಲ್ಲ. ಅದರ ಬಿರುಕುಗಳು ಹೊರಮೈಯಲ್ಲಷ್ಟೇ ಇಲ್ಲ, ಒಳಗೆಲ್ಲ ಹರಡಿವೆ. ಅದಕ್ಕೆ ಮದ್ದನ್ನೂ ಒಳಗೇ ಹಾಕಬೇಕು. ಕರಗಿದ ಬೀಡಿಗೆ ಸ್ವಲ್ಪ ಮೆಗ್ನೀಸಿಯಂ ಸೇರಿಸಿದರೆ ಗ್ರಾಫೈಟ್ ಚಕ್ಕೆಯಾಗದೆ ದುಂಡನೆಯ ಕಾಳಾಗುತ್ತದೆ ಎಂಬುದು 1948ರಲ್ಲಿ ಲೋಕಕ್ಕೆ ತಿಳಿಯಿತು. ಕಾಳಿಗೆ ಚೂಪು ತುದಿ ಇಲ್ಲ. ಆದ್ದರಿಂದ ಇಂತಹ ಬೀಡು ಬಾಗಬಲ್ಲದು. ಕುಡಿಯುವ ನೀರಿನ ದೊಡ್ಡ ಕೊಳವೆಗಳನ್ನು ಈಗ ಇದರಿಂದ ಮಾಡುತ್ತಾರೆ. ಲೋಹದ ಗಾಜಿಗೂ ಒಳಗಿನ ಮದ್ದು ಉಂಟು. 2000ದಲ್ಲಿ ಜಾನ್ಸನ್ ಅವರ ತಂಡ ಗಾಜಿನೊಳಗೆ ಮೆದುವಾದ ಸ್ಫಟಿಕಗಳು ಕೊಂಬೆ ಕೊಂಬೆಯಾಗಿ ಬೆಳೆಯುವಂತೆ ಮಾಡಿತು. ಜಾರುಪಟ್ಟಿಗಳು ಆ ಕೊಂಬೆಗಳಿಗೆ ತಡೆದು ನಿಂತವು.

ಹೀಗೆ ಮದ್ದು ಹುಡುಕುವ ಮೊದಲು ಬಿರುಕು ಹುಟ್ಟಿದ್ದು ಎಲ್ಲಿ ಎಂದು ನೋಡಬೇಕು. ಹೊರಗಿನದಾದರೆ ಹೊರಗೆ, ಒಳಗಿನದಾದರೆ ಒಳಗೆ.

ಮಕ್ಕಳೇ, ಆ ಹುಡುಗನ ಉತ್ತರ ಸರಿಯಾಗಿತ್ತು. ‘ಕೆಲವು’ ಎಂಬ ಪದವನ್ನು ಅವನು ಯೋಚಿಸಿಯೇ ಬರೆದಿದ್ದ. ಇದು ನನಗೆ ಅರ್ಥವಾಗುವ ಹೊತ್ತಿಗೆ ಅವನು ಶಾಲೆ ಬಿಟ್ಟು ಹೋಗಿದ್ದ. ಕೊಡಬೇಕಾಗಿದ್ದ ಒಂದು ಅಂಕ ನನ್ನ ಬಳಿಯೇ ಉಳಿದುಬಿಟ್ಟಿದೆ. ಶಿಕ್ಷಕರ ತರಬೇತಿಗೆ ಹೋದಾಗಲೆಲ್ಲ ಈ ಚೂರನ್ನು ಮೇಜಿನ ಮೇಲಿಟ್ಟು, ನಾನು ಮಾಡಿದ ತಪ್ಪನ್ನು ಹೇಳಿಯೇ ಪಾಠ ಆರಂಭಿಸುತ್ತೇನೆ.

ನಿಮ್ಮ ಮನೆಯಲ್ಲಿ ಒಡೆದ ವಸ್ತುವಿದ್ದರೆ ಎಸೆಯುವ ಮೊದಲು ಅದರ ಅಂಚನ್ನು ಜಾಗ್ರತೆಯಿಂದ ಗಮನಿಸಿ. ಗಾಜಾದರೆ ಮುಟ್ಟಬೇಡಿ, ದೊಡ್ಡವರಿಗೆ ಹೇಳಿ. ಬಿರುಕು ಎಲ್ಲಿಂದ ಹೊರಟಿರಬಹುದು ಎಂದು ಊಹಿಸಿ, ಚಿತ್ರ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ. ನಾನು ನಿಮ್ಮ ಶಾಲೆಗೆ ಬಂದಾಗ ನನಗೂ ತೋರಿಸಿ. ಪುಸ್ತಕದಲ್ಲಿ ಇಲ್ಲದ್ದನ್ನು ಕಂಡಿದ್ದರೆ ಅದನ್ನು ಮೊದಲು ತೋರಿಸಿ.