ಕಾರಿಗೂ ಬೇಕು ಒಪ್ಪುವ ಅಂಚು

ಸೀರೆ ಅಂಗಡಿಯಲ್ಲಿ ನಾವೆಲ್ಲ ಒಂದು ಕೆಲಸ ಮಾಡುತ್ತೇವೆ, ಗಮನಿಸಿದ್ದೀರಾ ಸೋದರಿಯರೇ? ಟ್ಯೂಬ್‌ಲೈಟಿನ ಕೆಳಗೆ ಎಷ್ಟೇ ಚೆನ್ನಾಗಿ ಕಂಡರೂ ನಂಬುವುದಿಲ್ಲ. ಸೀರೆಯನ್ನು ಬಾಗಿಲ ಹತ್ತಿರ ತಂದು ಹಗಲು ಬೆಳಕಿಗೆ ಹಿಡಿಯುತ್ತೇವೆ. ಒಡಲಿಗೆ ಅಂಚು ಒಪ್ಪುತ್ತದೋ ಇಲ್ಲವೋ ಎಂದು ಎರಡು ಹೆಜ್ಜೆ ಹಿಂದೆ ನಿಂತು ನೋಡುತ್ತೇವೆ. ಈ ವಿದ್ಯೆ ಕಾರಿಗೆ ಬಣ್ಣ ಹೊಡೆಸುವಾಗಲೂ ಉಪಯೋಗಕ್ಕೆ ಬರುತ್ತದೆ ಎಂದರೆ ನಗಬೇಡಿ. ಎರಡು ಬಣ್ಣದ ಕಾರೆಂದರೆ ಅಂಚಿರುವ ಸೀರೆಯೇ ಸರಿ.

ನಮ್ಮದು ಚಳ್ಳಕೆರೆ. ಮಾವನವರದು ಜವಳಿ ವ್ಯಾಪಾರ. ಮೊಳಕಾಲ್ಮೂರು, ಇಳಕಲ್ ಸೀರೆಗಳ ಗಂಟು ಹೇರಿಕೊಂಡು ಊರೂರು ತಿರುಗಲು 1970ರ ದಶಕದ ಕೊನೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಅಂಬಾಸಿಡರ್ ಎಸ್ಟೇಟ್ ಕೊಂಡಿದ್ದರಂತೆ. ಎಸ್ಟೇಟ್ ಅಂದರೆ ಸ್ಟೇಷನ್ ವ್ಯಾಗನ್. ಮಾಮೂಲಿ ಅಂಬಾಸಿಡರಿಗೆ ಹಿಂದೆ ಡಿಕ್ಕಿ ಇರುತ್ತದಲ್ಲ, ಇದಕ್ಕೆ ಚಾವಣಿಯೇ ಕೊನೆಯವರೆಗೂ ಹೋಗಿರುತ್ತದೆ. ಹಿಂದಿನ ಸೀಟು ಮಡಿಸಿದರೆ ಅರ್ಧ ಅಂಗಡಿ ಹಿಡಿಸುತ್ತದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ 2014ರಲ್ಲಿ ನಿಂತುಹೋಯಿತು. ಎಸ್ಟೇಟ್ ಅಂತೂ ಈಗ ಕಣ್ಣಿಗೆ ಬೀಳುವುದೇ ಅಪರೂಪ.

ಮಾವನವರು ತೀರಿಕೊಂಡ ಮೇಲೆ ಕಾರು 11 ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಗುಜರಿಯವನು ಬಂದು 25,000 ಕೊಡುತ್ತೇನೆಂದ. ಮೈದುನ "ಕೊಟ್ಟುಬಿಡೋಣ" ಅಂದರು. ಅತ್ತೆ ಏನೂ ಮಾತಾಡಲಿಲ್ಲ. ಎದ್ದು ಹೋಗಿ ಆ ಧೂಳಿನಲ್ಲೇ ಕಾರಿನ ಮುಂದಿನ ಸೀಟಿನಲ್ಲಿ ಕೂತುಬಿಟ್ಟರು. ಊಟಕ್ಕೂ ಬರಲಿಲ್ಲ. ತಟ್ಟೆಯನ್ನು ನಾನೇ ಅಲ್ಲಿಗೆ ಒಯ್ದೆ. ಗ್ರೈಂಡರಿಗೆಂದು ಕಟ್ಟುತ್ತಿದ್ದ ಚೀಟಿ ದುಡ್ಡು ಇದಕ್ಕೇ ಎಂದು ಅವತ್ತೇ ನಿರ್ಧರಿಸಿದೆ. ಎಂಜಿನ್ ಕೆಲಸ ನಮ್ಮವರು ವಹಿಸಿಕೊಂಡರು. ಬಣ್ಣದ ದುಡ್ಡು ನನ್ನದು, ಹಾಗಾಗಿ ಮಾತೂ ನನ್ನದೇ!

ಆದರೆ ಯಾವ ಬಣ್ಣ? ಆಗ ಕಾರಿನ ಮೇಲಿದ್ದದ್ದು ಮಾಸಿದ ಬಿಳಿ. "ಮತ್ತೆ ಬಿಳಿಯೇ ಹೊಡೆಸು, ಖರ್ಚು ಕಮ್ಮಿ" ಎಂದರು ನಮ್ಮವರು. ಅತ್ತೆ ಮಾತ್ರ, "ತಂದಾಗ ಎರಡು ಬಣ್ಣ ಇತ್ತು ಕಣಮ್ಮ. ಮೇಲೆ ಕೆನೆ, ಕೆಳಗೆ ಎಲೆಹಸಿರು" ಅಂದರು. ಮೈದುನರು "ಇಲ್ಲಮ್ಮ, ನೀಲಿ. ನಿಂಗೆ ಮರೆತುಹೋಗಿದೆ" ಅಂದುಬಿಟ್ಟರು. ಅತ್ತೆಗೆ 79. ಈಚೆಗೆ ಮನೆಯಲ್ಲಿ ಅವರು ಏನು ಹೇಳಿದರೂ "ಮರೆವು" ಎಂದು ತಳ್ಳಿಹಾಕುವುದು ಎಲ್ಲರಿಗೂ ರೂಢಿಯಾಗಿತ್ತು. ಹಳೇ ಫೋಟೊ ಹುಡುಕಿ ತೆಗೆದರೆ ಅದು ಕಪ್ಪು ಬಿಳುಪು!

ಬಣ್ಣದ ಮೇಸ್ತ್ರಿಯೇ ದಾರಿ ತೋರಿಸಿದರು. "ಅಮ್ಮಾ, ಹಳೇ ಬಣ್ಣ ಎಲ್ಲೂ ಹೋಗಿರಲ್ಲ. ಬಾಗಿಲ ರಬ್ಬರಿನ ಕೆಳಗೆ, ಡ್ಯಾಶ್‌ಬೋರ್ಡ್ ಹಿಂದೆ ಅಡಗಿರುತ್ತೆ." ರಬ್ಬರ್ ಕಿತ್ತು, ನೀರು ಹಾಕಿ ಎಮರಿ ಕಾಗದದಲ್ಲಿ ರೂಪಾಯಿ ಅಗಲ ಉಜ್ಜಿದರು. ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಟ್ಟುಕೊಂಡಿತು. ಮೇಲೆ ಬಿಳಿ, ಅದರಡಿ ಬೂದಿ, ಅದರಡಿ ಹಸಿರು. ಕಿಟಕಿಯ ಮೇಲುಗಡೆ ಉಜ್ಜಿದರೆ ಕೆನೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಹ್ಞೂಂ" ಅಂದರು, ಅಷ್ಟೇ. ಮೈದುನರು ಅವತ್ತು ಕಾಫಿಯನ್ನು ತಾವೇ ತಂದು ಅವರ ಕೈಗೆ ಕೊಟ್ಟರು.

ಈಗ ನಾನು ಕಂಡುಕೊಂಡ ನಾಲ್ಕು ಮಾತು ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಹಳೇ ಗಾಡಿ ಇದ್ದರೆ ಉಪಯೋಗವಾದೀತು.

ಎರಡು ಬಣ್ಣದಲ್ಲಿ ತಿಳಿಯದ್ದು ಮೇಲಿರಲಿ, ಗಾಢವಾದದ್ದು ಕೆಳಗಿರಲಿ. ನಮ್ಮಂಥ ಬಿಸಿಲೂರಿನಲ್ಲಿ ತಿಳಿ ಬಣ್ಣದ ಚಾವಣಿ ಶಾಖ ಕಡಿಮೆ ಹೀರುತ್ತದೆ. ವ್ಯಾಗನ್ನಿಗೆ ಚಾವಣಿ ಉದ್ದ, ಅದಕ್ಕೆ ಗಾಢ ಬಣ್ಣ ಹೊಡೆದರೆ ತಲೆಭಾರವಾಗಿಯೂ ಕಾಣುತ್ತದೆ. ಅಮೆರಿಕದಲ್ಲಿ 1955ರಿಂದ 57ರವರೆಗೆ ಬಂದ ಷೆವರ್ಲೆ ಬೆಲ್ ಏರ್ ಕಾರುಗಳ ಚಿತ್ರ ನೋಡಿ, ಎರಡು ಬಣ್ಣದ ಚೆಂದ ತಿಳಿಯುತ್ತದೆ.

ಬಣ್ಣವನ್ನು ಕಾಗದದ ಕಾರ್ಡಿನಲ್ಲಿ ನೋಡಿ ಒಪ್ಪಬೇಡಿ. ಒಂದು ತಗಡಿನ ಮೇಲೆ ಎರಡನ್ನೂ ಪಕ್ಕಪಕ್ಕ ಹೊಡೆಸಿ, ಬೆಳಗ್ಗೆ, ನಡುಮಧ್ಯಾಹ್ನ, ಸಂಜೆ ಅಂಗಳದಲ್ಲಿಟ್ಟು ನೋಡಿ. ನಾನು ಮೂರು ಹಸಿರು ನೋಡಿ ಒಂದನ್ನು ಆರಿಸಿದೆ.

ಎಲ್ಲಕ್ಕಿಂತ ಮುಖ್ಯ, ಎರಡೂ ಬಣ್ಣ ಕೂಡುವ ಗೆರೆ. ಸೀರೆಯಲ್ಲಿ ಅಂಚು ಸೊಟ್ಟಗಿದ್ದರೆ ಉಡಲಾದೀತೇ? ಕಿಟಕಿಗಳ ಕೆಳಗೆ ಹೊರಟ ಗೆರೆ ವ್ಯಾಗನ್ನಿನ ಕೊನೆಯವರೆಗೂ ಒಂದೇ ಎತ್ತರದಲ್ಲಿ ಓಡಿ, ಹಿಂಬಾಗಿಲ ಮೇಲೂ ತಪ್ಪದೆ ಕೂಡಿಕೊಳ್ಳಬೇಕು. ಬಣ್ಣ ತೆಗೆಯುವ ಮೊದಲು ನಾನು ಮತ್ತು ಮಗ ಮುಂದಿನಿಂದ ಹಿಂದಿನವರೆಗೆ ಹೂ ಕಟ್ಟುವ ದಾರ ಎಳೆದು ಹಿಡಿದು, ದೂರದಿಂದ ಅತ್ತೆಗೆ ತೋರಿಸಿದೆವು. "ಒಂದಿಷ್ಟು ಕೆಳಗೆ" ಎಂದು ಅವರೇ ಹೇಳಿದರು. ಅಲ್ಲಿಗೇ ಗುರುತು ಹಾಕಿಸಿದೆವು.

ಕೆಲಸದ ಕ್ರಮ ಹೀಗೆ. ಮೊದಲು ತುಕ್ಕು ಹಿಡಿದ ತಗಡು ಕತ್ತರಿಸಿ ಹೊಸದು ಬೆಸೆಯಬೇಕು. ತುಕ್ಕಿನ ಮೇಲೆ ಬಣ್ಣ ಬಳಿದರೆ ಒಳಗೊಳಗೇ ತಿಂದು ಗುಳ್ಳೆ ಏಳುತ್ತದೆ. ಆಮೇಲೆ ಪ್ರೈಮರ್, ತಗ್ಗಿಗೆ ಪುಟ್ಟಿ, ಉಜ್ಜುವುದು, ಮತ್ತೆ ಪ್ರೈಮರ್, ಮತ್ತೆ ಉಜ್ಜುವುದು. ಬಣ್ಣಕ್ಕಿಂತ ಉಜ್ಜುವುದಕ್ಕೇ ಹೆಚ್ಚು ದಿನ. ಅವಸರ ಮಾಡಿಸಬೇಡಿ. ಮೊದಲು ತಿಳಿ ಬಣ್ಣ ಹೊಡೆದು ಚೆನ್ನಾಗಿ ಒಣಗಿಸಿ, ಗೆರೆಗುಂಟ ಸಣ್ಣ ಟೇಪು ಅಂಟಿಸಿ, ಮೇಲ್ಭಾಗವನ್ನೆಲ್ಲ ಕಾಗದದಿಂದ ಮುಚ್ಚಿ, ಆಮೇಲೆ ಗಾಢ ಬಣ್ಣ. ಟೇಪಿನ ಅಂಚನ್ನು ಉಗುರಿನಿಂದ ಒತ್ತಿ ಕೂರಿಸದಿದ್ದರೆ ಬಣ್ಣ ಒಳಗೆ ನುಸುಳುತ್ತದೆ. ಬಣ್ಣ ಪೂರ್ತಿ ಗಟ್ಟಿಯಾಗುವ ಮುಂಚೆಯೇ ಟೇಪನ್ನು ಹಿಂದಕ್ಕೆ ಮಡಿಸಿ ನಿಧಾನ ಎಳೆಯಬೇಕು. ತಡಮಾಡಿದರೆ ಅಂಚು ಚಕ್ಕೆ ಏಳುತ್ತದೆ. ಕೊನೆಗೆ ಎರಡರ ಮೇಲೂ ಹೊಳಪಿನ ಕ್ಲಿಯರ್ ಕೋಟ್.

ಮಳೆಗಾಲ ಬೇಡ. ಗಾಳಿಯ ತೇವಕ್ಕೆ ಬಣ್ಣ ಮಂಕಾಗುತ್ತದೆ. ನಾವು ದೀಪಾವಳಿ ಕಳೆದ ಮೇಲೆ ಹೊಡೆಸಿದೆವು. ಈಗಿನ ಬಣ್ಣಕ್ಕೆ ಹಾರ್ಡನರ್ ಬೆರೆಸುತ್ತಾರೆ, ಅದರ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಮಕ್ಕಳನ್ನೂ ಉಬ್ಬಸವಿದ್ದವರನ್ನೂ ಆ ಕಡೆ ಸುಳಿಯಗೊಡಬೇಡಿ. ಇನ್ನೊಂದು ಮಾತು, ಆರ್.ಸಿ.ಯಲ್ಲಿ ಕಾರಿನ ಬಣ್ಣವೂ ಬರೆದಿರುತ್ತದೆ. ಬಣ್ಣ ಬದಲಿಸುವುದಾದರೆ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ಅದರಲ್ಲೂ ಬದಲಾಯಿಸಿಕೊಳ್ಳಿ.

ಎರಡನೇ ಬಣ್ಣಕ್ಕೆಂದೇ ನನಗೆ 12,000 ಹೆಚ್ಚಿಗೆ ಬಿತ್ತು. ಗ್ರೈಂಡರ್ ಇನ್ನೂ ಬಂದಿಲ್ಲ, ಹಳೆಯದರಲ್ಲೇ ರುಬ್ಬುತ್ತಿದ್ದೇನೆ.

ಕಾರು ಮನೆಗೆ ಬಂದ ದಿನ ಪೂಜೆಗೆ ಅತ್ತೆಯೇ ತಟ್ಟೆ ತಂದರು. ಹೊಸ ಬಣ್ಣದ ಮೇಲೆ ಅರಿಶಿನ ಬಳಿದರೆ ಕಲೆ ಉಳಿಯುತ್ತದೆ, ನೀವೂ ನೆನಪಿಡಿ. ಅದನ್ನು ನಾನು ಹೇಳಬೇಕು ಎನ್ನುವಷ್ಟರಲ್ಲಿ ಅವರೇ ಮುಂದಿನ ಗಾಜಿಗೆ ಕುಂಕುಮ ಇಟ್ಟು, ಹಸಿರು ಕೆನೆ ಕೂಡುವ ಗೆರೆಯ ಮೇಲೆ ಬೆರಳಾಡಿಸುತ್ತಾ ಹಿಂಬಾಗಿಲವರೆಗೂ ನಡೆದರು. ಈಗ ನಮ್ಮ ಮನೆಯಲ್ಲಿ ಯಾವ ಹಳೇ ವಿಷಯಕ್ಕೆ ಜಗಳ ಬಂದರೂ ಮೈದುನರು ಮೊದಲು ಹೇಳುವ ಮಾತು, "ಅಮ್ಮನ್ನ ಕೇಳಿ."